ನಾನು ಸಹಿ ಹಾಕಿದ ಎತ್ತರ

2011ನೇ ಇಸವಿ. ಜಹೀರಾಬಾದಿನಲ್ಲಿ ನಾನು ಸ್ವಂತ ದವಾಖಾನೆ ತೆರೆದು ಆಗ ಹದಿನೇಳು ವರ್ಷವಾಗಿತ್ತು. ಆರು ಹಾಸಿಗೆ, ಪಕ್ಕದಲ್ಲೇ ಒಂದು ಸಣ್ಣ ಲ್ಯಾಬ್. ನಾನು ಓದಿದ್ದು ಜನರಲ್ ಮೆಡಿಸಿನ್. ಆದರೂ ರಕ್ತಪರೀಕ್ಷೆಯ ಹುಚ್ಚು ಮೊದಲಿನಿಂದ ಇದ್ದುದರಿಂದ ಲ್ಯಾಬಿನ ಮೈಕ್ರೋಸ್ಕೋಪಿನ ಮುಂದೆ ನಾನೇ ಕೂರುತ್ತಿದ್ದೆ. ರಕ್ತ ಸುಳ್ಳು ಹೇಳುವುದಿಲ್ಲ ಎಂದು ಹೊಸದಾಗಿ ಸೇರಿದ ನರ್ಸುಗಳಿಗೆ ಹೇಳುವುದು ನನ್ನ ರೂಢಿ. ರಕ್ತವನ್ನು ಓದುವ ಡಾಕ್ಟರು ಸುಳ್ಳು ಹೇಳಬಹುದು ಎಂಬುದು ಆ ವರ್ಷದ ಅಕ್ಟೋಬರ್ ತನಕ ನನಗೆ ಹೊಳೆದಿರಲಿಲ್ಲ.

ಪ್ರತ್ಯೇಕ ತೆಲಂಗಾಣದ ಚಳವಳಿ ತಾರಕಕ್ಕೇರಿದ್ದ ಕಾಲ ಅದು. ಬಂದ್ ದಿನ ಮುಂಬೈ ಹೆದ್ದಾರಿಯ ಮೇಲೆ ಒಂದು ಲಾರಿಯೂ ಇರುತ್ತಿರಲಿಲ್ಲ. ಆ ಖಾಲಿ ರಸ್ತೆಯಲ್ಲಿ ನಾಲ್ಕು ಹುಡುಗಿಯರು ತಲೆ ತಗ್ಗಿಸಿ, ಒಬ್ಬರ ಹಿಂದೊಬ್ಬರು ಸೈಕಲ್ ತುಳಿದುಕೊಂಡು ಹೋಗುವುದನ್ನು ಊರಿನವರು ಅಂಗಡಿಗಳ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ಅವರ ಹಿಂದೆ ಮೋಟರ್‌ಸೈಕಲ್ ಮೇಲೆ, ಕೊರಳಲ್ಲಿ ಸೀಟಿ ಹಾಕಿಕೊಂಡ ಕೋಚ್ ವಿಶ್ವನಾಥ.

ವಿಶ್ವನಾಥ ನಾರಾಯಣಖೇಡದ ತೊಗರಿ ವ್ಯಾಪಾರಿಯ ಮಗ. ವಿಶ್ವವಿದ್ಯಾಲಯದ ತಂಡದಲ್ಲಿ ಸೈಕಲ್ ಓಡಿಸಿದವನು. ಊರಿಗೆ ಬಂದು ಅಕಾಡೆಮಿ ಎಂಬ ಬೋರ್ಡು ಹಾಕಿದ್ದ. ನನ್ನ ತವರೂ ಅದೇ ಊರು. ಎರಡೂ ಮನೆತನಗಳು ಒಂದೇ ಮಠಕ್ಕೆ ನಡೆದುಕೊಳ್ಳುವಂಥವು. ಅವನು ನನ್ನನ್ನು ಅಕ್ಕಾರ ಎನ್ನುತ್ತಿದ್ದ. ಹಣೆಯ ಮೇಲೆ ವಿಭೂತಿ, ಮೈಮೇಲೆ ಟ್ರ್ಯಾಕ್‌ಸೂಟ್, ಮಾತು ಬೆಣ್ಣೆ.

ನಾಲ್ವರಲ್ಲಿ ಇಬ್ಬರು ನಾರಾಯಣಖೇಡದವರು, ಒಬ್ಬಳು ತಾಂಡೂರಿನ ಕಡೆಯ ಯಾಲಾಲ್ ಹತ್ತಿರದವಳು. ಎಲ್ಲರಿಗಿಂತ ಚುರುಕಾದವಳು ಸುಜಾತಾ, ಹತ್ತೊಂಬತ್ತು ವರ್ಷ. ಝರಾಸಂಗಂ ಹತ್ತಿರದ ಹಳ್ಳಿಯ ಬೌದ್ಧ ಕುಟುಂಬ. ತಂದೆ ಇಲ್ಲ, ತಾಯಿ ಕಮಲಾಬಾಯಿ ಕಬ್ಬು, ಶುಂಠಿ ಹೊಲಗಳಲ್ಲಿ ಕೂಲಿ ಮಾಡುವವಳು. ಬಸ್ ನಿಂತ ದಿನಗಳಲ್ಲಿ ಸುಜಾತಾ ಚಿಕ್ಕಪ್ಪನ ಹಳೆಯ ಸೈಕಲ್ ತುಳಿದು ಜಹೀರಾಬಾದಿನ ಕಾಲೇಜಿಗೆ ಬರುತ್ತಿದ್ದಳು. ಎದುರುಗಾಳಿಯಲ್ಲಿ ಅವಳು ತುಳಿಯುವುದನ್ನು ನೋಡಿಯೇ ವಿಶ್ವನಾಥ ಅವಳನ್ನು ಆರಿಸಿದ್ದ. ಅಷ್ಟರಮಟ್ಟಿಗೆ ಅವನ ಕಣ್ಣು ಸರಿ ಇತ್ತು.

ಆಗಸ್ಟ್‌ನಲ್ಲಿ ಅವನು ನಾಲ್ವರನ್ನೂ ರಕ್ತಪರೀಕ್ಷೆಗೆ ಕರೆತಂದ. ನವೆಂಬರಿನಲ್ಲಿ ಆಯ್ಕೆ ಸ್ಪರ್ಧೆ ಇದೆ, ನೂರು ಕಿಲೋಮೀಟರಿನ ರೋಡ್ ರೇಸ್, ಅದಕ್ಕೆ ಮುಂಚೆ ಒಂದು ತಿಂಗಳು ಲಡಾಖಿನಲ್ಲಿ ಆಲ್ಟಿಟ್ಯೂಡ್ ಟ್ರೈನಿಂಗ್ ಮಾಡಿಸುತ್ತೇನೆ ಎಂದ. ದೂರದ ಓಟದ ಸೈಕ್ಲಿಸ್ಟುಗಳಿಗೆ ಇದು ಒಪ್ಪಿತವಾದ ತರಬೇತಿ. ಎತ್ತರದಲ್ಲಿ ಗಾಳಿ ತೆಳ್ಳಗಿರುತ್ತದೆ, ಉಸಿರಿಗೆ ದಕ್ಕುವ ಆಮ್ಲಜನಕ ಕಡಿಮೆ. ಈ ಕೊರತೆಯನ್ನು ಮೂತ್ರಪಿಂಡ ಗುರುತಿಸಿ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಹೆಚ್ಚು ಸ್ರವಿಸುತ್ತದೆ. ನಾವು ಡಾಕ್ಟರುಗಳು ಅದನ್ನು ಇಪಿಒ ಎನ್ನುತ್ತೇವೆ. ಅದರ ಅಪ್ಪಣೆಯಂತೆ ಮೂಳೆಯೊಳಗಿನ ಮಜ್ಜೆ ಹೆಚ್ಚು ಕೆಂಪು ರಕ್ತಕಣಗಳನ್ನು ತಯಾರಿಸುತ್ತದೆ. ಮೂರು ನಾಲ್ಕು ವಾರ ಅಲ್ಲಿದ್ದು ಕೆಳಗಿಳಿದರೆ ಸ್ನಾಯುಗಳಿಗೆ ಸ್ವಲ್ಪ ಹೆಚ್ಚು ಆಮ್ಲಜನಕ ಸಿಗುತ್ತದೆ, ದಣಿವು ತಡವಾಗಿ ಬರುತ್ತದೆ. ನಮ್ಮ ಜಹೀರಾಬಾದು ಸಮುದ್ರಮಟ್ಟದಿಂದ ಆರುನೂರು ಮೀಟರಿನ ಆಸುಪಾಸು. ಇಲ್ಲಿ ಎಷ್ಟು ತುಳಿದರೂ ಆ ಲಾಭವಿಲ್ಲ.

ಸುಜಾತಾಳ ಹಿಮೋಗ್ಲೋಬಿನ್ 11.6 ಇತ್ತು, ಸ್ವಲ್ಪ ಕಡಿಮೆ. ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟೆ. ಸೆಪ್ಟೆಂಬರಿನಲ್ಲಿ ಸಾರ್ವತ್ರಿಕ ಮುಷ್ಕರ ಶುರುವಾಯಿತು. ಬಸ್ಸುಗಳು ಡಿಪೋ ಬಿಡಲಿಲ್ಲ, ರೈಲು ರೋಕೋ ಶುರುವಾಗಿತ್ತು. ತಂಡ ಬೀದರಿನ ಮೂಲಕ ಮಹಾರಾಷ್ಟ್ರ ಸೇರಿ ಅಲ್ಲಿಂದ ಉತ್ತರಕ್ಕೆ ಹೊರಟಿತು ಎಂದು ವಿಶ್ವನಾಥ ಫೋನು ಮಾಡಿದ. ಒಂದು ವಾರದಲ್ಲಿ ಚೌಕದಲ್ಲಿ ದೊಡ್ಡ ಬ್ಯಾನರ್ ಬಂತು. ಹಿಮದ ಬೆಟ್ಟಗಳ ಮುಂದೆ ಹೆಲ್ಮೆಟ್ ಹಾಕಿ ನಿಂತ ನಾಲ್ಕು ಹುಡುಗಿಯರು. ನಾನೂ ಗಾಡಿ ನಿಲ್ಲಿಸಿ ನೋಡಿದೆ, ಹೆಮ್ಮೆಪಟ್ಟೆ.

ಅಕ್ಟೋಬರ್ ಮಧ್ಯದಲ್ಲಿ ಅವರು ವಾಪಸು ಬಂದರು. ಆಯ್ಕೆ ಸಮಿತಿಗೆ ವೈದ್ಯಕೀಯ ಪ್ರಮಾಣಪತ್ರ ಬೇಕಿತ್ತು. ಹಿಂದಿನ ದಿನ ನಾನು ಪುಸ್ತಕ ತೆಗೆದು ಎತ್ತರ ಮತ್ತು ರಕ್ತದ ಅಧ್ಯಾಯ ಓದಿದೆ. ಸಣ್ಣ ಊರಿನ ಡಾಕ್ಟರಿಗೆ ಇಂಥ ಅವಕಾಶ ಎಲ್ಲಿ ಸಿಗಬೇಕು? ನಾಲ್ವರೂ ಬಂದು ಬೆಂಚಿನ ಮೇಲೆ ಸಾಲಾಗಿ ಕುಳಿತರು. ವಿಶ್ವನಾಥ ನನ್ನ ಎದುರು ಕುರ್ಚಿಯಲ್ಲಿ ಕುಳಿತ.

ಸುಜಾತಾಳ ಹಿಮೋಗ್ಲೋಬಿನ್ 16.8ಕ್ಕೆ ಏರಿತ್ತು. ಉಳಿದ ಮೂವರದೂ ಹೆಚ್ಚುಕಡಿಮೆ ಹಾಗೆಯೇ.

ನಾಲ್ಕು ವಾರದಲ್ಲಿ ಐದು ಗ್ರಾಂ. ನಾನು ಓದಿದ ಅಧ್ಯಾಯದ ಪ್ರಕಾರ ಒಂದು ಗ್ರಾಂ ಏರಿದರೇ ಬಹಳ. ಲೆಕ್ಕ ತಾಳೆಯಾಗುತ್ತಿಲ್ಲ ಎಂದು ನನಗೆ ಗೊತ್ತಾಯಿತು, ಗೊತ್ತಾಗಲಿಲ್ಲ ಎಂದು ಈಗ ಬರೆದರೆ ಅದು ಇನ್ನೊಂದು ಸುಳ್ಳಾದೀತು. ಆದರೆ ನನ್ನ ಮಾತ್ರೆಯೂ ಕೆಲಸ ಮಾಡಿರಬೇಕು ಎಂದುಕೊಂಡೆ. ಹೊಗಳಿಕೆಯಲ್ಲಿ ನನಗೂ ಒಂದು ಪಾಲು ಬೇಕಿತ್ತು.

"ಎಷ್ಟು ಎತ್ತರದಾಗ ಇದ್ರಪಾ?" ಎಂದು ವಿಶ್ವನಾಥನನ್ನು ಕೇಳಿದೆ.

"ಮೂರೂವರಿ ಸಾವಿರ ಮೀಟರ್ ಅಕ್ಕಾರ. ಪೋರಿಗೋಳು ಮೊದಲ ಜರಾ ಪರೇಶಾನ್ ಆದ್ರು. ಆಮ್ಯಾಲ ಹೊಂದಿಕೊಂಡ್ರು."

'ಎತ್ತರದ ತರಬೇತಿಗೆ ದೇಹವು ತೋರಿದ ಸಹಜ ಪ್ರತಿಕ್ರಿಯೆ. ಸ್ಪರ್ಧೆಗೆ ಅರ್ಹರು' ಎಂದು ನಾಲ್ಕು ಪ್ರಮಾಣಪತ್ರ ಬರೆದು, ಸಹಿ ಮಾಡಿ, ಮೊಹರು ಒತ್ತಿದೆ. ಹುಡುಗಿಯರು ಎದ್ದು ಕೈಮುಗಿದು ಹೋದರು. ಅವರ ಬಾಯಿಂದ ಒಂದು ಮಾತೂ ಬಂದಿರಲಿಲ್ಲ.

ಐದನೆಯ ದಿನ ಬೆಳಿಗ್ಗೆ ದವಾಖಾನೆಯ ಮುಂದೆ ಕಬ್ಬು ಸಾಗಿಸುವ ಟ್ರ್ಯಾಕ್ಟರು ಬಂದು ನಿಂತಿತು. ಟ್ರಾಲಿಯಲ್ಲಿ ಕೌದಿಯ ಮೇಲೆ ಸುಜಾತಾ ಮಲಗಿದ್ದಳು. ತಾಯಿಯ ತೊಡೆಯ ಮೇಲೆ ತಲೆ.

"ನಿನ್ನಿಯಿಂದ ಕಾಲು ಬಾತದ ಡಾಕ್ಟರ್‌ಬಾಯಿ," ಎಂದಳು ಕಮಲಾಬಾಯಿ. "ಮುಂಜಾನಿಂದ ದಮ್ಮು ಹತ್ಯಾದ. ಉಸರು ತಗೋಳಾಕ ಆಗವಲ್ದು."

ಎಡಗಾಲಿನ ಮೀನಖಂಡ ಬಿಗಿದು ಹೊಳೆಯುತ್ತಿತ್ತು. ನಾಡಿ ನೂರಿಪ್ಪತ್ತೆಂಟು. ಕಾಲಿನ ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಅದರ ಚೂರು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡ ಲಕ್ಷಣ. ಹೆರಿಗೆಯಾದವರಲ್ಲಿ, ತಿಂಗಳುಗಟ್ಟಲೆ ಹಾಸಿಗೆ ಹಿಡಿದವರಲ್ಲಿ ನೋಡಿದ್ದೆ. ಸೈಕಲ್ ತುಳಿಯುವ ಹತ್ತೊಂಬತ್ತರ ಹುಡುಗಿಯಲ್ಲಿ ನೋಡಿರಲಿಲ್ಲ. ಆಮ್ಲಜನಕ ಹಚ್ಚಿ, ಸಲಾಯಿನ್ ಏರಿಸಿ, ರಕ್ತ ತೆಗೆಯಲು ಹೋದೆ. ಸಿರಿಂಜಿನೊಳಗೆ ರಕ್ತ ಬರಲು ಒಲ್ಲೆನೆಂದಿತು. ನಿಧಾನವಾಗಿ, ಕಪ್ಪಾಗಿ, ಬೆಲ್ಲದ ಪಾಕದ ಹಾಗೆ ಬಂತು.

ರಕ್ತವನ್ನು ಸಣ್ಣ ಗಾಜಿನ ನಳಿಕೆಯಲ್ಲಿ ತುಂಬಿ ಯಂತ್ರದಲ್ಲಿ ಗಿರಗಿರನೆ ತಿರುಗಿಸಿದರೆ ಕೆಂಪು ಕಣಗಳು ತಳದಲ್ಲಿ ಕೂತು, ಹಳದಿ ನೀರು ಮೇಲೆ ನಿಲ್ಲುತ್ತದೆ. ನೂರರಲ್ಲಿ ಕೆಂಪಿನ ಪಾಲೆಷ್ಟೋ ಅದೇ ಹಿಮಟೋಕ್ರಿಟ್. ಆರೋಗ್ಯವಂತ ಹೆಣ್ಣುಮಗಳಿಗೆ ನಲವತ್ತರ ಆಚೀಚೆ ಇರಬೇಕು. ಸುಜಾತಾಳದು ಐವತ್ತೇಳು. ಆಮೇಲೆ ಐದು ದಿನ ಮೊದಲೇ ಮಾಡಬೇಕಾಗಿದ್ದ ಪರೀಕ್ಷೆ ಮಾಡಿದೆ. ರಕ್ತದ ಹನಿಗೆ ನೀಲಿ ಬಣ್ಣ ಹಾಕಿ, ಮಜ್ಜೆಯಿಂದ ಆಗತಾನೇ ಹೊರಬಿದ್ದ ಎಳೆಯ ಕಣಗಳನ್ನು ಎಣಿಸುವುದು. ಬೆಟ್ಟದಿಂದ ಇಳಿದು ಬಂದವರಲ್ಲಿ ಎಳೆಯ ಕಣಗಳು ಕಡಿಮೆಯಾಗುತ್ತವೆ, ಯಾಕೆಂದರೆ ಕೆಳಗೆ ಆಮ್ಲಜನಕ ಧಾರಾಳವಾಗಿರುವುದರಿಂದ ಮಜ್ಜೆ ಸುಮ್ಮನಾಗುತ್ತದೆ. ಇವಳ ರಕ್ತದ ತುಂಬ ಎಳೆಯ ಕಣಗಳೇ. ಯಾರೋ ಹೊರಗಿನಿಂದ ಇಪಿಒ ಹಾಕುತ್ತಲೇ ಇದ್ದಾರೆ. ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಮೇಲೆ ಬದುಕಿರುವವರಿಗಾಗಿ ಅದು ಇಂಜೆಕ್ಷನ್ ರೂಪದಲ್ಲಿ ಸಿಗುತ್ತದೆ.

ಹಾಸಿಗೆಯ ಹತ್ತಿರ ಹೋಗಿ ಬಗ್ಗಿ ಕೇಳಿದೆ.

"ಸುಜಾತಾ, ಲಡಾಖಿನಾಗ ನಿನಗ ಸೂಜಿ ಹಾಕ್ಯಾರೇನು?"

ಅವಳು ಮುಖದ ಮೇಲಿನ ಆಮ್ಲಜನಕದ ಮಾಸ್ಕನ್ನು ಸ್ವಲ್ಪ ಸರಿಸಿದಳು. "ಲಡಾಖಿಗಿ ಹೋಗೇ ಇಲ್ರಿ. ರೈಲು ಬಂದ್ ಆಗ್ಯಾವ ಅಂತ ಸರ್ ನಮಗ ತಾಂಡೂರದಾಗೇ ಇಟ್ಟಿದ್ರು. ಕಲ್ಲಿನ ಗೋದಾಮಿನಾಗ."

ತುಂಡು ತುಂಡಾಗಿ ಹೇಳಿದಳು. ದಿನ ಬಿಟ್ಟು ದಿನ ಹೊಟ್ಟೆಗೆ ಸೂಜಿ. ತಾಕತ್ತಿನದು ಎಂದು ಕೋಚ್ ಹೇಳಿದ್ದ. ಸಂಜೆಯಾದರೆ ಕಿಟಕಿಗಳಿಗೆ ಪ್ಲಾಸ್ಟಿಕ್ ಬಡಿದ ಕೋಣೆಯಲ್ಲಿ ನಾಲ್ವರನ್ನೂ ಕೂಡಿಸಿ, ಇದ್ದಿಲಿನ ಸಿಗಡಿ ಹಚ್ಚಿಟ್ಟು ಬಾಗಿಲು ಹಾಕುತ್ತಿದ್ದರಂತೆ.

"ತಲಿ ಸಿಡೀತಿತ್ತು. ವಾಂತಿ ಆಗ್ತಿತ್ತು. ಗುಡ್ಡದ ಮ್ಯಾಲ ಹಿಂಗೇ ಆಗ್ತದ, ತಡಕೋರಿ ಅಂದ್ರು. ಊರಿಗಿ ಫೋನ್ ಹಚ್ಚಿ, ಇಲ್ಲಿ ಬರ್ಫ್ ಅದ ಅಂತ ಹೇಳ್ರಿ ಅಂದ್ರು."

ಕಮಲಾಬಾಯಿ ಮಂಚದ ಆ ಕಡೆ ನಿಂತಿದ್ದಳು. "ಥಂಡಿ ಅದ ಅಂತ ನಾ ಸ್ವೆಟರ್ ಕಳಸೀನಿ," ಎಂದಳು. ಮಗಳಿಗೆ ಅಂದಳೋ ನನಗೆ ಅಂದಳೋ ತಿಳಿಯಲಿಲ್ಲ.

ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ, ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿಯುತ್ತದೆ. ಚಳಿಗಾಲದಲ್ಲಿ ಸಿಗಡಿ ಇಟ್ಟುಕೊಂಡು ಮಲಗಿದ ಸಂಸಾರಗಳು ಬೆಳಿಗ್ಗೆ ಏಳದೇ ಹೋದದ್ದನ್ನು ನಾವೆಲ್ಲ ಕೇಳಿದ್ದೇವೆ. ಅವನಿಗೆ ಬೇಕಾದ ಎತ್ತರ ಅದು. ಲ್ಯಾಬಿನ ಸಿಂಕಿನ ಹತ್ತಿರ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದೆ.

ಹೆಪ್ಪು ಬೆಳೆಯದಂತೆ ಹೆಪಾರಿನ್ ಕೊಟ್ಟೆ. ದಪ್ಪಗಾದ ರಕ್ತವನ್ನು ಒಂದು ಬಾಟಲಿಯಷ್ಟು ಹೊರತೆಗೆದು, ಅಷ್ಟೇ ಸಲಾಯಿನ್ ತುಂಬಿದೆ. ಸ್ಕ್ಯಾನು, ಐಸಿಯು ಎಲ್ಲ ನೂರು ಕಿಲೋಮೀಟರ್ ಆಚೆ ಹೈದರಾಬಾದಿನಲ್ಲಿ. ಆಂಬುಲೆನ್ಸಿನಲ್ಲಿ ನಾನೇ ಜೊತೆಗೆ ಕೂತೆ. ಸದಾಶಿವಪೇಟೆಯ ಹತ್ತಿರ ಹೆದ್ದಾರಿಗೆ ಅಡ್ಡವಾಗಿ ಒಲೆ ಹೂಡಿ ನೂರಾರು ಜನ ಅಡುಗೆ ಮಾಡುತ್ತಿದ್ದರು. ರಸ್ತೆಯ ಮೇಲೇ ಬೇಯಿಸಿ ಉಣ್ಣುವುದು ಆ ಚಳವಳಿಯ ಒಂದು ಪ್ರತಿಭಟನೆ. ನಾನು ಇಳಿದು ತೆಲುಗಿನಲ್ಲಿ, ಒಳಗೆ ಹುಡುಗಿ ಇದ್ದಾಳೆ, ಉಸಿರು ಹೋಗುತ್ತಿದೆ ಎಂದೆ. ಅನ್ನ ಕುದಿಯುತ್ತಿದ್ದ ಹಂಡೆಯನ್ನು ಇಬ್ಬರು ಹೆಂಗಸರು ಸೆರಗಿನಲ್ಲಿ ಹಿಡಿದು ಪಕ್ಕಕ್ಕಿಟ್ಟರು. ಉಳಿದವರು ಉರಿಯುವ ಕೊಳ್ಳಿಗಳನ್ನು ಕಾಲಿನಿಂದ ಸರಿಸಿ ದಾರಿ ಮಾಡಿಕೊಟ್ಟರು. ಅವರಲ್ಲಿ ಯಾರೂ ನನ್ನ ಪ್ರಮಾಣಪತ್ರ ಕೇಳಲಿಲ್ಲ.

ಸುಜಾತಾ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು, ಬದುಕಿದಳು. ಆರು ತಿಂಗಳು ರಕ್ತ ತೆಳುಮಾಡುವ ಮಾತ್ರೆ ನುಂಗಬೇಕು, ಅಷ್ಟು ದಿನ ಸೈಕಲ್ ಮುಟ್ಟಬಾರದು ಎಂದರು. ಅವಳು ವಾರ್ಡಿಗೆ ಬಂದ ಮೇಲೆ ನೋಡಲು ಹೋದೆ. ನನ್ನನ್ನು ಕೊರೆಯುತ್ತಿದ್ದ ಪ್ರಶ್ನೆ ಒಂದೇ.

"ಅವತ್ತು ಸರ್ಟಿಫಿಕೇಟ್ ಬರೀವಾಗ ನೀ ಅಲ್ಲೇ ಬೆಂಚಿನ ಮ್ಯಾಲ ಇದ್ದಿ. ನನಗ ಯಾಕ ಹೇಳಲಿಲ್ಲವ್ವಾ?"

ಅವಳಿಗೆ ಸಿಟ್ಟಿರಲಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದಳು. "ನೀವು ನನಗ ಕೇಳಲಿಲ್ರಿ. ಸರ್‌ಗ ಕೇಳಿದ್ರಿ."

ಮುಷ್ಕರ ಮುಗಿದ ವಾರ ನಾನು ತಾಂಡೂರಿಗೆ ಹೋದೆ. ಊರ ಹೊರಗೆ ಕಲ್ಲು ಕೊಯ್ದು ಪಾಲಿಶ್ ಮಾಡುವ ಕಾರ್ಖಾನೆಗಳ ಸಾಲು. ಎಲೆ, ನೆಲ, ನಾಯಿ ಎಲ್ಲದರ ಮೇಲೂ ಬಿಳಿ ಪುಡಿ. ಸುಜಾತಾ ಹೇಳಿದ ಗೋದಾಮಿನ ಹಿಂದಿನ ಗುಡಿಸಲಿನಲ್ಲಿ, ಆ ತಿಂಗಳು ಹುಡುಗಿಯರಿಗೆ ಅಡುಗೆ ಮಾಡಿಹಾಕಿದ್ದ ಮಲ್ಲಮ್ಮ ಎಂಬ ಹೆಂಗಸು ಇದ್ದಳು. ನಾನು ಡಾಕ್ಟರು ಎಂದಕೂಡಲೇ ಬೀಗ ತೆಗೆದಳು. ಇಂದಲ್ಲ ನಾಳೆ ಯಾರಾದರೂ ಬಂದೇ ಬರುತ್ತಾರೆ ಎಂದು ಕಾಯುತ್ತಿದ್ದವಳಂತೆ ಕಂಡಳು.

ಹತ್ತು ಹೆಜ್ಜೆ ಉದ್ದದ ಕೋಣೆ. ಕಿಟಕಿಗೆ ಬಡಿದ ಕಪ್ಪು ಪ್ಲಾಸ್ಟಿಕ್ ಹಾಗೇ ಇತ್ತು. ನೆಲದ ಮೇಲೆ ನಾಲ್ಕು ಚಾಪೆ, ಮೂಲೆಯಲ್ಲಿ ಸಿಗಡಿ, ಗೋಡೆಯ ಮೇಲೆ ಅದರ ಹೊಗೆಯ ಕಲೆ. ವಾಂತಿಯ ಹುಳಿ ವಾಸನೆ ಇನ್ನೂ ಹೋಗಿರಲಿಲ್ಲ. ಬಾಗಿಲ ಹಿಂದೆ ಒಂದು ತೊಗರಿ ಚೀಲ, ಅದರೊಳಗೆ ಬಳಸಿದ ಸಿರಿಂಜುಗಳು, ಖಾಲಿ ಸೀಸೆಗಳು. ಒಂದು ಸೀಸೆ ತೆಗೆದು ಓದಿದೆ. ಇಪಿಒ. ಗೋಡೆಗೆ ಮಡಚಿ ಒರಗಿಸಿದ ಒಂದು ಪರದೆಯೂ ಇತ್ತು. ಬಿಡಿಸಿ ನೋಡಿದರೆ ಹಿಮದ ಬೆಟ್ಟ, ಫೋಟೋ ಸ್ಟುಡಿಯೋದವರು ಮದುವೆ ಜೋಡಿಗಳ ಹಿಂದೆ ಕಟ್ಟುವಂಥದ್ದು.

"ಒಂದು ದಿನ ಆ ಯಾಲಾಲ್ ಕಡೀ ಪೋರಿ ಬಾಗ್ಲಾ ಬಡದು ಬಡದು ಅತ್ತಳ್ರಿ," ಎಂದಳು ಮಲ್ಲಮ್ಮ. "ನಾ ತಗದೆ. ಸರ್ ನನಗ ಬೈದ್ರು. ಟ್ರೇನಿಂಗ್ ಕೆಡಸಿದಿ ಅಂದ್ರು."

ನಾನು ತಾಂಡೂರಿನಿಂದ ಬಂದ ಮೂರನೆಯ ದಿನ ವಿಶ್ವನಾಥ ನನ್ನ ದವಾಖಾನೆಗೆ ಬಂದ. ಅದೇ ವಿಭೂತಿ. ಸುಜಾತಾ ಹೇಗಿದ್ದಾಳೆ ಎಂದು ಕೇಳಲಿಲ್ಲ.

"ಅಕ್ಕಾರ, ನಾಳಿಗಿ ನಮ್ಮ ರಾಜ್ಯ ಬರ್ತದ. ಮೊದಲನೇ ಟೀಮಿನಾಗ ನಮ್ಮ ಭಾಗದ ಹೆಸರು ಇರಬೇಕಲ್ಲ? ಎಲ್ಲಾ ಕಡಿ ಇದೇ ಮಾಡ್ತಾರ. ಆ ಪೋರಿಗಿ ಮೊದಲೇ ಏನೋ ಬ್ಯಾನಿ ಇದ್ದಿರಬೇಕು."

"ಸಿಗಡಿ ಹಚ್ಚಿ ಬಾಗ್ಲಾ ಹಾಕೀದಿ, ವಿಶ್ವನಾಥ. ನಾಲ್ಕೂ ಸತ್ತಿದ್ರ?"

"ಸತ್ತಿಲ್ಲಲ್ರಿ," ಎಂದ. ಆಮೇಲೆ ದನಿ ತಗ್ಗಿಸಿದ. "ಕಾಗದದ ಮ್ಯಾಲ ಸಹಿ ನಿಮ್ಮದು ಅದ. ನಾ ಹೋದ್ರ ನನ್ನ ಜೋಡಿ ನೀವೂ ಬರ್ತೀರಿ. ನಮ್ಮವರು ನೀವು, ಅದಕ್ಕ ಹೇಳ್ತೀನಿ."

ಹೆದರಿದೆನೇ ಎಂದರೆ, ಹೌದು, ಹೆದರಿದೆ. ಎರಡು ದಿನ ಏನೂ ಮಾಡಲಿಲ್ಲ. ಆ ಎರಡು ದಿನ ನನಗೆ ಅವನ ಮೇಲೆ ಇದ್ದದ್ದಕ್ಕಿಂತ ಹೆಚ್ಚು ಹೇಸಿಗೆ ನನ್ನ ಮೇಲೆ ಇತ್ತು. ಮೂರನೆಯ ದಿನ ಆಯ್ಕೆ ಸಮಿತಿಗೆ ಪತ್ರ ಬರೆದೆ. ನಾಲ್ಕೂ ಪ್ರಮಾಣಪತ್ರಗಳನ್ನು ಹಿಂಪಡೆದಿದ್ದೇನೆ, ಅಂಕಿಗಳು ಅಸಹಜವೆಂದು ತಿಳಿದೂ ಪರಿಶೀಲಿಸದೆ ಸಹಿ ಮಾಡಿದ್ದು ನನ್ನ ತಪ್ಪು ಎಂದು ಬರೆದೆ. ತಾಂಡೂರಿನಿಂದ ತಂದಿದ್ದ ಸೀಸೆಯ ಜೊತೆ ಪೊಲೀಸರಿಗೂ ದೂರು ಕೊಟ್ಟೆ.

ಉಳಿದ ಮೂವರ ಮನೆಗೂ ಹೋದೆ. ನಾರಾಯಣಖೇಡದ ಇಬ್ಬರ ತಂದೆತಾಯಿಗಳು ಕೂತು ಕೇಳಿದರು, ಅತ್ತರು, ಮಕ್ಕಳನ್ನು ಅಕಾಡೆಮಿಯಿಂದ ಬಿಡಿಸಿದರು. ಒಂದೇ ಸೂಜಿಯನ್ನು ಇಬ್ಬರಿಗೆ ಹಾಕಿದ್ದೂ ಉಂಟೆಂದು ಹುಡುಗಿಯರು ಹೇಳಿದಾಗ, ಕಾಮಾಲೆ, ಎಚ್‌ಐವಿ ಪರೀಕ್ಷೆ ಆಗಲೇ ಒಮ್ಮೆ, ಮೂರು ತಿಂಗಳ ನಂತರ ಮತ್ತೊಮ್ಮೆ ಮಾಡಿದೆ. ದೇವರು ದೊಡ್ಡವನು, ಏನೂ ಇರಲಿಲ್ಲ. ಯಾಲಾಲ್ ಹತ್ತಿರದ ಹಳ್ಳಿಯಲ್ಲಿ ಹುಡುಗಿಯ ಅಪ್ಪ ನನ್ನನ್ನು ಅಂಗಳದಲ್ಲೇ ನಿಲ್ಲಿಸಿದ. "ನಿನ್ನಿ ಫಿಟ್ ಅದಾಳ ಅಂತ ನೀವೇ ಬರದ್ರಿ. ಇವತ್ತು ಇಲ್ಲ ಅಂತೀರಿ. ಯಾವುದು ಖರೇ?" ಎಂದ. ಆ ಹುಡುಗಿ ಬೇರೆ ಡಾಕ್ಟರ ಪ್ರಮಾಣಪತ್ರದೊಂದಿಗೆ ಸ್ಪರ್ಧೆಗೆ ಹೋದಳು. ಆಯ್ಕೆಯಾಗಲಿಲ್ಲ. ಜೀವಕ್ಕೆ ಏನೂ ಆಗಲಿಲ್ಲ ಎಂಬುದೇ ಸಮಾಧಾನ.

ವಿಶ್ವನಾಥನ ಮೇಲಿನ ಪ್ರಕರಣ ಸಾಕ್ಷಿ ಸಾಲದೆ ಬಿದ್ದುಹೋಯಿತು. ಪೊಲೀಸರು ತನಿಖೆಗೆ ಹೋಗುವಷ್ಟರಲ್ಲಿ ಗೋದಾಮಿಗೆ ಸುಣ್ಣ ಬಳಿದಾಗಿತ್ತು. ಮಲ್ಲಮ್ಮ ಊರು ಬಿಟ್ಟಿದ್ದಳು. ನನಗೆ ಮಾತ್ರ ವೈದ್ಯಕೀಯ ಮಂಡಳಿಯಿಂದ ಎಚ್ಚರಿಕೆಯ ಪತ್ರ ಬಂತು, ಬರಬೇಕಾದ್ದೇ. ನಾನು ನಮ್ಮವನ ಹೊಟ್ಟೆಯ ಮೇಲೆ ಹೊಡೆದೆ ಎಂದು ತವರಿನ ಕಡೆಯವರು ಎರಡು ವರ್ಷ ಮದುವೆ ಮುಂಜಿಗೆ ಕರೆಯಲಿಲ್ಲ. ರಾಜ್ಯ ಬಂದ ಮೇಲೆ ಒಂದು ಸಮಾರಂಭದಲ್ಲಿ ವಿಶ್ವನಾಥನಿಗೆ ಶಾಲು ಹೊದಿಸಿದರು. ಗ್ರಾಮೀಣ ಕ್ರೀಡೆಗೆ ಅವನು ಸಲ್ಲಿಸಿದ ಸೇವೆಗಾಗಿ. ಮುಂದಿನ ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ನಾನು ಎದ್ದು ಬಂದೆ. ಎದ್ದು ಬರುವುದು ದೊಡ್ಡ ಕೆಲಸವೇನಲ್ಲ.

ಸುಜಾತಾ ಒಂದು ವರ್ಷದ ನಂತರ ಮತ್ತೆ ಸೈಕಲ್ ಹತ್ತಿದಳು, ಸ್ಪರ್ಧೆಗಲ್ಲ. ಪದವಿ ಮುಗಿಸಿದಳು. ಈಗ ಅಂಗನವಾಡಿಗಳ ಮೇಲ್ವಿಚಾರಕಿ. ಒಮ್ಮೆ ತಾಯಿಯ ಬಿಪಿ ತೋರಿಸಲು ಬಂದಿದ್ದಳು. ಚೆನ್ನಾಗಿಯೇ ಮಾತಾಡಿದಳು. ಆದರೆ ನಾನು ಬರೆದುಕೊಟ್ಟ ಮಾತ್ರೆಯ ಹೆಸರನ್ನು ಎರಡು ಸಲ ಓದಿ, ಇದು ಯಾತಕ್ಕೆ, ಎಷ್ಟು ದಿನ, ನುಂಗದಿದ್ದರೆ ಏನಾಗುತ್ತದೆ ಎಂದು ಕೇಳಿಕೊಂಡು, ಕಾಗದ ಮಡಚಿ ಇಟ್ಟುಕೊಂಡಳು. ಪ್ರತಿಯೊಂದಕ್ಕೂ ಉತ್ತರ ಕೊಟ್ಟೆ.

ನಾಲ್ಕು ವರ್ಷದ ಹಿಂದೆ ದವಾಖಾನೆ ಮುಚ್ಚಿದೆ. ಕೊನೆಯ ದಿನದವರೆಗೂ ಒಂದು ಪದ್ಧತಿ ಪಾಲಿಸಿದೆ. ರೋಗಿಯ ಜೊತೆ ಬಂದವರು ಯಾರೇ ಇರಲಿ, ಗಂಡ, ಅತ್ತೆ, ಹೊಲದ ಧಣಿ, ಹೆಡ್‌ಮಾಸ್ತರು, ಮೊದಲು ಅವರನ್ನು ಹೊರಗೆ ಕೂರಿಸಿ ಬಾಗಿಲು ಹಾಕಿ, ರೋಗಿಯನ್ನೇ ಕೇಳುತ್ತಿದ್ದೆ: ಎಲ್ಲಿದ್ದೆ, ಏನು ತಿಂದೆ, ಯಾರು ಏನು ಕೊಟ್ಟರು. ಬಹಳ ಜನ ಸಿಟ್ಟಾದರು. ಕೆಲವರು ಬೇರೆ ದವಾಖಾನೆಗೆ ಹೋದರು. ಹೋಗಲಿ. ಇದನ್ನು ವೈದ್ಯಕೀಯದ ಮೊದಲ ವರ್ಷದಲ್ಲೇ ಕಲಿಸುತ್ತಾರೆ. ನಾನೂ ಕಲಿತು ಪಾಸಾಗಿದ್ದೆ. ಕೂಲಿಯವಳ ಮಗಳು ಬೆಂಚಿನ ಮೇಲೆ, ನಮ್ಮ ಪೈಕಿಯವನು ಕುರ್ಚಿಯಲ್ಲಿ ಕೂತಾಗ ನನ್ನ ಮುಖ ತಾನಾಗಿ ಯಾವ ಕಡೆ ತಿರುಗುತ್ತದೆ ಎಂಬುದನ್ನು ಮಾತ್ರ ಯಾವ ಪುಸ್ತಕವೂ ಹೇಳಿರಲಿಲ್ಲ. ಅದನ್ನು ಕಲಿಸಲು ಒಬ್ಬ ಹುಡುಗಿಯ ಉಸಿರು ನಿಲ್ಲುವ ಹಂತಕ್ಕೆ ಬರಬೇಕಾಯಿತು.